ಗ್ರೀನ್ ಟೀ, ಪುದೀನ, ನಿಂಬೆ: ಒಗರು ಹದವಾಗಿರುವ ಒಂದು ಮಾಕ್‌ಟೇಲ್

ಮನೆಯಲ್ಲಿ ಮಾಡುವ ಮಾಕ್‌ಟೇಲ್ ಬಹುಪಾಲು ಸೋಡಾ ಹಾಕಿದ ಪಾನಕವೇ ಆಗಿರುತ್ತದೆ. ನಿಂಬೆಯ ಹುಳಿ, ಸಕ್ಕರೆಯ ಸಿಹಿ, ಮೇಲೆ ಒಂದಿಷ್ಟು ಗುಳ್ಳೆ. ಬಾಯಿಗೆ ಹಿತ, ಆದರೆ ಗಟಗಟ ಕುಡಿದು ಲೋಟ ಕೆಳಗಿಟ್ಟರೆ ಮುಗಿಯಿತು. ಮದ್ಯ ಇರುವ ಕಾಕ್‌ಟೇಲನ್ನು ಜನ ಅರ್ಧ ಗಂಟೆ ಹೀರುತ್ತಾ ಕೂರಲು ಕಾರಣ ಅದರ ಖಾರ ಮತ್ತು ಕಹಿ. ಮದ್ಯವನ್ನು ಬಿಟ್ಟಾಗ ಆ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಬೇರೆ ಏನಾದರೂ ಬರಲೇಬೇಕು. ಗ್ರೀನ್ ಟೀ ತನ್ನ ಒಗರಿನಿಂದ ಆ ಜಾಗವನ್ನು ಚೆನ್ನಾಗಿ ತುಂಬುತ್ತದೆ. ಒಗರು ಹದವಾಗಿದ್ದರೆ ಒಂದು ಗುಟುಕು ಒಳಗೆ ಹೋದ ಮೇಲೂ ರುಚಿ ಬಾಯಲ್ಲಿ ನಿಲ್ಲುತ್ತದೆ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ಮೀರಿದರೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ. ಮುಂದೆ ಹೇಳುವ ನೀರಿನ ಬಿಸಿ, ಎಲೆಯ ತೂಕ, ಐಸಿನ ಲೆಕ್ಕ ಎಲ್ಲವೂ ಈ ಒಂದು ಹದಕ್ಕಾಗಿ.

ಇಲ್ಲಿ ಆರಿಸಿಕೊಂಡಿರುವುದು ಪುದೀನ-ನಿಂಬೆಯ ಜೋಡಿ. ಕ್ಯೂಬಾದ ಮೊಹಿಟೊದಲ್ಲಿ ರಮ್, ನಿಂಬೆ, ಸಕ್ಕರೆ, ಪುದೀನ, ಸೋಡಾ ಇರುತ್ತವೆ. ಮೊರಾಕೊದಲ್ಲಿ ಗ್ರೀನ್ ಟೀಗೆ ಪುದೀನ ಮತ್ತು ಧಾರಾಳವಾಗಿ ಸಕ್ಕರೆ ಹಾಕಿ ಬಿಸಿಬಿಸಿಯಾಗಿ ಕುಡಿಯುತ್ತಾರೆ. ಮೊಹಿಟೊದಿಂದ ರಮ್ ತೆಗೆದು, ಆ ಜಾಗಕ್ಕೆ ಮೊರಾಕೊದವರ ಟೀ ತಂದರೆ ಈ ಪಾನೀಯ. ಪುದೀನ ಎರಡೂ ಕಡೆ ಇರುವುದರಿಂದ ಬೆಸುಗೆ ಸಲೀಸು.

ಯಾವ ಟೀ

ಮೊರಾಕೊದಲ್ಲಿ ಬಳಸುವುದು ಚೀನಾದ ಗನ್‌ಪೌಡರ್ ಟೀ. ಎಲೆಯನ್ನು ಸಣ್ಣ ಗುಂಡುಗಳಂತೆ ಸುತ್ತಿರುತ್ತಾರೆ. ಬಾಣಲೆಯಲ್ಲಿ ಹುರಿದು ಮಾಡುವ ಚೀನಾ ಬಗೆಯ ಟೀಗೆ ಒಂದು ಸುಟ್ಟ ಕಂಪಿರುತ್ತದೆ, ಪುದೀನದ ಎದುರು ಅದು ಸೋಲುವುದಿಲ್ಲ. ನೀಲಗಿರಿ, ಅಸ್ಸಾಂ, ಕಾಂಗ್ರಾ ಕಡೆಯ ಗ್ರೀನ್ ಟೀ ಕೂಡ ಈ ಕೆಲಸಕ್ಕೆ ಒಳ್ಳೆಯದು. ಚಿಕ್ಕಮಗಳೂರು, ಕೊಡಗಿನ ತೋಟಗಳ ಗ್ರೀನ್ ಟೀ ಸಿಕ್ಕರೆ ಅದನ್ನೂ ಧೈರ್ಯವಾಗಿ ತನ್ನಿ. ಜಪಾನಿನ ಸೆಂಚಾವನ್ನು ಹಬೆಯಲ್ಲಿ ಬೇಯಿಸಿ ಮಾಡುವುದರಿಂದ ಅದಕ್ಕೆ ಹಸಿ ಹುಲ್ಲಿನ, ಕಡಲ ಪಾಚಿಯ ವಾಸನೆ ಬರುತ್ತದೆ. ಪುದೀನದ ಜೊತೆ ಅದು ಜಗಳವಾಡುತ್ತದೆ. ಸೌತೆಕಾಯಿ ಅಥವಾ ಕಿತ್ತಳೆಯ ಜೊತೆಗೆ ಸೆಂಚಾ ಚೆಂದ.

ಲೆಮನ್-ಹನಿ, ತುಳಸಿ ಎಂದೆಲ್ಲ ಪರಿಮಳ ಸೇರಿಸಿದ ಟೀ ಬ್ಯಾಗ್ ಇಲ್ಲಿಗೆ ಬೇಡ. ನೀವು ಹಿಂಡುವ ತಾಜಾ ನಿಂಬೆಯ ಪಕ್ಕದಲ್ಲಿ ಆ ಪರಿಮಳ ಸಪ್ಪೆ ಮಿಠಾಯಿಯಂತೆ ಎದ್ದು ಕಾಣುತ್ತದೆ. ಪೊಟ್ಟಣ ಒಡೆದು ಬಹಳ ತಿಂಗಳಾಗಿದ್ದರೆ ಮೊದಲು ಎಲೆ ಮೂಸಿ ನೋಡಿ. ಒಣಹುಲ್ಲಿನ ವಾಸನೆ ಮಾತ್ರ ಉಳಿದಿದ್ದರೆ ಅದರಲ್ಲಿ ಒಗರು ಇರುತ್ತದೆ, ಕಂಪು ಇರುವುದಿಲ್ಲ.

ಡಿಕಾಕ್ಷನ್ ಇಳಿಸುವ ಬಗೆ

ಅರ್ಧ ಯುದ್ಧ ಗೆಲ್ಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಗ್ರೀನ್ ಟೀ ಎಲೆಯಲ್ಲಿ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳಿವೆ. ಅವು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರನ್ನು ಕಡಿಮೆ ಮಾಡುತ್ತವೆ, ಒಗರು ಹುಟ್ಟುವುದು ಹೀಗೆ. ಅದೇ ಎಲೆಯಲ್ಲಿ ಥಿಯನೈನ್ ಎಂಬ ಅಮೈನೊ ಆಮ್ಲವೂ ಇದೆ, ಟೀಗೆ ಬರುವ ತುಂಬಿದ ಸವಿರುಚಿ ಅದರದ್ದು. ಥಿಯನೈನ್ ಕಡಿಮೆ ಬಿಸಿಯ ನೀರಿನಲ್ಲೂ ಬೇಗ ಇಳಿಯುತ್ತದೆ. ಕ್ಯಾಟೆಚಿನ್ ಮತ್ತು ಕೆಫೀನ್ ಇಳಿಯಲು ಬಿಸಿ ಬೇಕು, ಹೊತ್ತೂ ಬೇಕು. ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟರೆ ಒಗರು, ಕಹಿ ಎರಡೂ ನುಗ್ಗಿ ಬಂದು ಸವಿಯನ್ನು ಮುಚ್ಚುತ್ತವೆ. ಮಾಕ್‌ಟೇಲಿಗೆ ಬೇಕಾದ ಟೀ ಗಟ್ಟಿಯಾಗಿರಬೇಕು ನಿಜ, ಆದರೆ ಆ ಗಟ್ಟಿತನ ಎಲೆ ಹೆಚ್ಚು ಹಾಕಿದ್ದರಿಂದ ಬರಬೇಕು, ಹೆಚ್ಚು ಹೊತ್ತು ನೆನೆಸಿದ್ದರಿಂದ ಅಲ್ಲ. ಗ್ರೀನ್ ಟೀ ಕಹಿ ಎಂದು ದೂರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಎರಡು ಲೋಟಕ್ಕೆ ಅಳತೆ: 300 ಮಿಲಿ ನೀರು, 6 ಗ್ರಾಂ ಎಲೆ, 80 ಡಿಗ್ರಿ ಸೆಲ್ಸಿಯಸ್, 2 ನಿಮಿಷ. ಕುಡಿಯಲು ಮಾಡುವ ಮಾಮೂಲಿ ಗ್ರೀನ್ ಟೀಗಿಂತ ಇದು ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ. ಎಲೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೋಸಿದ ಮೇಲೆ ಸುಮಾರು 275 ಮಿಲಿ ಸಿಗುತ್ತದೆ. ಚಮಚದ ಲೆಕ್ಕ ನಂಬಬೇಡಿ. ಗುಂಡು ಸುತ್ತಿದ ಎಲೆ ಒಂದು ಚಮಚಕ್ಕೆ ಎಷ್ಟು ತೂಗುತ್ತದೋ, ಉದ್ದ ಎಲೆಯ ಟೀ ಅದರ ಅರ್ಧ ತೂಗಿದರೂ ಆಶ್ಚರ್ಯವಿಲ್ಲ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಅದನ್ನೇ ಬಳಸಿ. ಟೀ ಬ್ಯಾಗ್ ಮಾತ್ರ ಇದ್ದರೆ ಒಂದರಲ್ಲಿ ಎಷ್ಟು ಗ್ರಾಂ ಎಂದು ಪೊಟ್ಟಣದ ಮೇಲೆ ನೋಡಿಕೊಳ್ಳಿ, ಸಾಮಾನ್ಯವಾಗಿ ನಾಲ್ಕು ಬೇಕಾಗುತ್ತವೆ. ಬ್ಯಾಗಿನೊಳಗಿರುವುದು ಪುಡಿ ಎಲೆ. ಅದರ ಒಗರು ಬೇಗ ಇಳಿಯುವುದರಿಂದ ಒಂದೂವರೆ ನಿಮಿಷಕ್ಕೇ ತೆಗೆಯಿರಿ. ತೆಗೆಯುವಾಗ ಬ್ಯಾಗ್ ಹಿಂಡಬೇಡಿ, ಕೊನೆಯ ಆ ನಾಲ್ಕು ಹನಿಯಲ್ಲಿ ಇರುವುದೆಲ್ಲ ಕಹಿಯೇ.

80 ಡಿಗ್ರಿಯನ್ನು ಥರ್ಮಾಮೀಟರ್ ಇಲ್ಲದೆ ಪಡೆಯುವುದು ಸುಲಭ. ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಕೋಣೆಯ ತಂಪಿನ ನೀರು ಬೆರೆಸಿ. ನೀರು 100 ಡಿಗ್ರಿಯಲ್ಲಿ ಕುದಿಯುವ ಮಂಗಳೂರಿನಲ್ಲಿ ಇದು 81ರ ಹತ್ತಿರ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅಲ್ಲಿ 79 ಬರುತ್ತದೆ. ಎರಡೂ ನಡೆಯುತ್ತದೆ. 300 ಮಿಲಿಗೆ 225 ಮಿಲಿ ಕುದಿನೀರು, 75 ಮಿಲಿ ತಣ್ಣೀರು. ಮೊದಲು ನೀರು ಬೆರೆಸಿ, ಆಮೇಲೆ ಎಲೆ ಹಾಕಿ. ಎಲೆಯ ಮೇಲೆ ಕುದಿನೀರು ಸುರಿದು ನಂತರ ತಣ್ಣೀರು ಸೇರಿಸಿದರೆ ಆಗಬಾರದ್ದು ಅಷ್ಟರಲ್ಲಿ ಆಗಿಬಿಟ್ಟಿರುತ್ತದೆ.

ನೀರೂ ಮುಖ್ಯ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಟೀ ಹಸಿರು ಛಾಯೆ ಕಳೆದುಕೊಂಡು ಕಂದು ಹಳದಿಗೆ ತಿರುಗುತ್ತದೆ, ಮೇಲೆ ತೆಳುವಾದ ಕೆನೆಯೂ ಕಟ್ಟಬಹುದು. ಆರ್‌ಒ ನೀರು ಅಥವಾ ಕ್ಯಾನ್ ನೀರು ಬಳಸಿ. ಕಹಿ ಹೋಗಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಟೀಗೆ ಹಾಗೆ ಮಾಡುವುದುಂಟು. ಗ್ರೀನ್ ಟೀಗೆ ಅದು ಸಲ್ಲದು: ಕ್ಷಾರ ತಗುಲಿದರೆ ಕ್ಯಾಟೆಚಿನ್ ಬೇಗ ಉತ್ಕರ್ಷಣಗೊಂಡು ಬಣ್ಣ ಕೆಡುತ್ತದೆ, ನಮಗೆ ಬೇಕಾದ ಒಗರೂ ಹೋಗುತ್ತದೆ.

ಎಲೆಯನ್ನು ಫ್ರಿಜ್ಜಿನ ತಣ್ಣೀರಿನಲ್ಲಿ ಆರರಿಂದ ಎಂಟು ಗಂಟೆ ನೆನೆಸುವ ಕೋಲ್ಡ್ ಬ್ರೂ ಕೂಡ ಇದೆ, ಲೀಟರಿಗೆ 10 ಗ್ರಾಂ. ಹಾಗೇ ಕುಡಿಯಲು ಅದಕ್ಕಿಂತ ಹಿತವಾದ ಟೀ ಇಲ್ಲ. ಆದರೆ ಮಾಕ್‌ಟೇಲಿಗೆ ಅದು ತೀರಾ ಸೌಮ್ಯ. ನಿಂಬೆ, ಸಕ್ಕರೆ ಬಿದ್ದ ಕೂಡಲೇ ಟೀ ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ಕೋಲ್ಡ್ ಬ್ರೂವನ್ನೇ ಬಳಸಬೇಕೆಂದಿದ್ದರೆ ಎಲೆಯನ್ನು 15 ಗ್ರಾಂಗೆ ಏರಿಸಿ, ನಿಂಬೆಯನ್ನು ಇಳಿಸಿ.

ತಣಿಸುವುದು, ಐಸಿನ ಲೆಕ್ಕ

ಬಿಸಿ ಟೀಯನ್ನು ನೇರ ಐಸಿನ ಮೇಲೆ ಸುರಿಯುವುದು ಎಲ್ಲರೂ ಮಾಡುವ ಕೆಲಸ. ಲೆಕ್ಕ ಹಾಕಿದರೆ ಏನಾಗುತ್ತದೆಂದು ಗೊತ್ತಾಗುತ್ತದೆ. 75 ಡಿಗ್ರಿಯ 150 ಮಿಲಿ ಟೀಯನ್ನು 5 ಡಿಗ್ರಿಗೆ ಇಳಿಸಲು ಸುಮಾರು 115 ಗ್ರಾಂ ಐಸ್ ಕರಗಬೇಕು. ಟೀಯ ಮುಕ್ಕಾಲು ಪಾಲಿನಷ್ಟು ನೀರು! ಅದೇ ಟೀಯನ್ನು ಮೊದಲು 25 ಡಿಗ್ರಿಗೆ ಆರಿಸಿಕೊಂಡರೆ 30 ಗ್ರಾಂ ಚಿಲ್ಲರೆ ಕರಗಿದರೆ ಸಾಕು. ಫ್ರಿಜ್ಜಿನಲ್ಲಿ ತಣಿಸಿದ ಟೀಯಾದರೆ ಇನ್ನೂ ಕಡಿಮೆ.

ಸೋಸಿದ ಟೀಯನ್ನು ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಆರಿದ ಮೇಲೆ ಮುಚ್ಚಿ ಫ್ರಿಜ್ಜಿಗೆ. ಬಿಸಿಬಿಸಿ ಟೀಯನ್ನೇ ಫ್ರಿಜ್ಜಿಗೆ ತಳ್ಳಿದರೆ ಅದು ಮಬ್ಬಾಗುವುದು ಹೆಚ್ಚು. ಕೆಫೀನ್ ಮತ್ತು ಪಾಲಿಫಿನಾಲ್ ತಂಪಿನಲ್ಲಿ ಒಂದಕ್ಕೊಂದು ಕೂಡಿಕೊಂಡು ಕಣಗಳಾಗುತ್ತವೆ, ನೀರು ಗಡಸಾಗಿದ್ದರೆ ಇನ್ನಷ್ಟು. ಮಬ್ಬಾದ ಟೀ ಕೆಟ್ಟಿದೆ ಎಂದಲ್ಲ, ನೋಟಕ್ಕೆ ಮಾತ್ರ ಕುಂದು. ಎರಡು ಚಮಚ ಬಿಸಿನೀರು ಬೆರೆಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಸೋಸಿದ ಎಲೆಯನ್ನು ಎಸೆಯಬೇಡಿ. ಅದಕ್ಕೇ ಮತ್ತೆ 200 ಮಿಲಿ ನೀರು, ಅದೇ 80 ಡಿಗ್ರಿ, ಈ ಸಲ ಮೂರು ನಿಮಿಷ. ಈ ಎರಡನೆಯ ಟೀಯನ್ನು ಆರಿಸಿ ಐಸ್ ಟ್ರೇಗೆ ಸುರಿಯಿರಿ. ಈ ಐಸ್ ಕರಗಿದರೂ ಲೋಟದಲ್ಲಿ ಟೀಯ ಹದ ಅಷ್ಟಾಗಿ ಇಳಿಯುವುದಿಲ್ಲ. ಟ್ರೇಯನ್ನು ಮುಚ್ಚಿಡಿ, ಫ್ರೀಜರಿನಲ್ಲಿ ಮೀನು, ಮಸಾಲೆ ಏನಿದ್ದರೂ ಅದರ ವಾಸನೆಯನ್ನು ಐಸ್ ಹೀರಿಕೊಳ್ಳುತ್ತದೆ.

ಸಿಹಿ, ಹುಳಿ, ಚಿಟಿಕೆ ಉಪ್ಪು

ತಣ್ಣನೆಯ ಟೀಗೆ ಸಕ್ಕರೆ ಹಾಕಿದರೆ ಅರ್ಧ ತಳದಲ್ಲೇ ಉಳಿಯುತ್ತದೆ. ಆದ್ದರಿಂದ ಪಾಕ: 200 ಗ್ರಾಂ ಸಕ್ಕರೆ, 200 ಮಿಲಿ ನೀರು, ಸಕ್ಕರೆ ಕರಗುವ ತನಕ ಬಿಸಿ ಮಾಡಿ ಇಳಿಸಿ. ಎಳೆ ಬರುವಷ್ಟು ಕಾಯಿಸಬಾರದು. ಸುಮಾರು 325 ಮಿಲಿ ಆಗುತ್ತದೆ, ಶುಚಿಯಾದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರಕ್ಕೆ ತೊಂದರೆಯಿಲ್ಲ. ಜೇನುತುಪ್ಪ ಬೇಕೆಂದರೆ ಎರಡು ಪಾಲು ಜೇನಿಗೆ ಒಂದು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ ಸಡಿಲ ಮಾಡಿಕೊಳ್ಳಿ, ಇಲ್ಲದಿದ್ದರೆ ಐಸ್ ತಗುಲಿದೊಡನೆ ಜೇನು ಗಟ್ಟಿಯಾಗಿ ತಳ ಹಿಡಿಯುತ್ತದೆ. ಬೆಲ್ಲ ನಮಗೆಲ್ಲ ಪ್ರಿಯವೇ, ಆದರೂ ಇಲ್ಲಿ ಬೇಡ. ಅದರ ಬಣ್ಣಕ್ಕೂ ಘಮಕ್ಕೂ ಗ್ರೀನ್ ಟೀ ತಡೆಯುವುದಿಲ್ಲ.

ನಿಂಬೆರಸ ಆಗಲೇ ಹಿಂಡಿದ್ದಾಗಿರಬೇಕು. ಹಿಂಡಿಟ್ಟ ರಸ ಗಂಟೆಗಳು ಕಳೆದಂತೆ ತಾನೇ ಕಹಿಯಾಗುತ್ತದೆ. ಸಿಪ್ಪೆ ನಜ್ಜಾಗುವಂತೆ ಒತ್ತಿದರೂ ಕಹಿ ಸೇರುತ್ತದೆ. ಟೀಯ ಒಗರಿನ ಜೊತೆ ಈ ಕಹಿ ಕೂಡಿದರೆ ಎಷ್ಟು ಸಕ್ಕರೆ ಸುರಿದರೂ ಸರಿಹೋಗದು. ನಿಂಬೆ ಬಿದ್ದಾಗ ಟೀಯ ಬಣ್ಣ ತಿಳಿಯಾಗುತ್ತದೆ, ಅದು ಸಹಜ.

ಉಪ್ಪು ಚಿಟಿಕೆಯಷ್ಟು, ನಾಲಿಗೆಗೆ ಉಪ್ಪೆಂದು ಗೊತ್ತಾಗದ ಹಾಗೆ. ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ, ಹಾಗಾಗಿ ಒಗರು ಇದ್ದೂ ಕಹಿ ಹಿಂದೆ ಸರಿಯುತ್ತದೆ. ಕಪ್ಪುಪ್ಪು ಬೇಡ. ಜಲಜೀರಕ್ಕೆ ಸೊಗಸಾಗಿ ಒಪ್ಪುವ ಅದರ ಗಂಧಕದ ವಾಸನೆ ಟೀಯನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಶುಂಠಿರಸ ನಮ್ಮ ಪ್ರಕಾರ ಇರಲೇಬೇಕು, ಮದ್ಯ ಬಿಟ್ಟುಹೋದ ಗಂಟಲಿನ ಬಿಸಿಯನ್ನು ತರುವುದು ಇದೇ. ಶುಂಠಿ ತುರಿದು ಹಿಂಡಿ, ಐದು ನಿಮಿಷ ಹಾಗೇ ಬಿಡಿ. ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಳಸಿ, ಹಿಟ್ಟು ಸೇರಿದರೆ ಪಾನೀಯ ಮಂಕಾಗುತ್ತದೆ.

ಒಂದು ಲೋಟಕ್ಕೆ

ತಣಿಸಿದ ಗಟ್ಟಿ ಗ್ರೀನ್ ಟೀ 120 ಮಿಲಿ
ಸಕ್ಕರೆ ಪಾಕ 25 ಮಿಲಿ
ನಿಂಬೆರಸ 20 ಮಿಲಿ
ಶುಂಠಿಯ ತಿಳಿರಸ ಅರ್ಧ ಟೀ ಚಮಚ
ಪುದೀನ 8 ಎಲೆ, ಮೇಲಿಡಲು ಒಂದು ಕುಡಿ
ಉಪ್ಪು ಚಿಟಿಕೆ
ತಣ್ಣನೆಯ ಸೋಡಾ 60 ಮಿಲಿ
ಐಸ್: ಅಲ್ಲಾಡಿಸಲು ನಾಲ್ಕು ತುಂಡು, ಲೋಟಕ್ಕೆ ನಾಲ್ಕೈದು ದೊಡ್ಡ ತುಂಡು

ಪುದೀನವನ್ನು ದಂಟಿನಿಂದ ಬಿಡಿಸಿ ಶೇಕರಿಗೆ ಹಾಕಿ, ಪಾಕ ಸುರಿದು, ಮರದ ಸೌಟಿನ ಹಿಡಿಯಿಂದ ನಾಲ್ಕೈದು ಸಲ ಮೆತ್ತಗೆ ಒತ್ತಿ. ಚಟ್ನಿಗೆ ಅರೆದ ಹಾಗೆ ಕುಟ್ಟಬಾರದು. ಪುದೀನದ ಸುವಾಸನೆಯ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇರುತ್ತದೆ, ಒತ್ತಿದರೆ ಸಾಕು ಬಿಡುತ್ತದೆ. ಎಲೆ ಹರಿದರೆ ಹಸಿರು ಕಹಿ ರಸ ಹೊರಬರುತ್ತದೆ, ಚೂರುಗಳು ಹಲ್ಲಿಗೆ ಸಿಗುತ್ತವೆ. ಆಮೇಲೆ ಟೀ, ನಿಂಬೆ, ಶುಂಠಿ, ಉಪ್ಪು, ಐಸ್ ಹಾಕಿ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ಸಾಕು. ಹೊರಮೈ ಮಂಜು ಹಿಡಿದರೆ ಆಯಿತೆಂದೇ ಅರ್ಥ. ಟೀ ಬಿಸಿ ಇರುವಾಗ ಮಾತ್ರ ಮುಚ್ಚಿ ಅಲ್ಲಾಡಿಸಲೇಬೇಡಿ, ಒಳಗಿನ ಆವಿ ಮುಚ್ಚಳ ಎಬ್ಬಿಸಿ ಕೈ ಸುಡುತ್ತದೆ.

ಟೀಯಲ್ಲಿ ಸಪೋನಿನ್ ಎಂಬ ನೊರೆ ಕಟ್ಟುವ ಅಂಶ ತಾನಾಗಿಯೇ ಇದೆ, ಚೆನ್ನಾಗಿ ಅಲ್ಲಾಡಿಸಿದ್ದರೆ ಮೇಲೆ ತೆಳುವಾದ ನೊರೆ ಸಿಗುತ್ತದೆ. ಲೋಟಕ್ಕೆ ಹೊಸ ಐಸ್ ಹಾಕಿ, ಸಣ್ಣ ಜರಡಿಯಲ್ಲಿ ಸೋಸಿ ಸುರಿಯಿರಿ. ಅಲ್ಲಾಡಿಸಿದ ಐಸ್ ಈಗಾಗಲೇ ಅರ್ಧ ಕರಗಿರುತ್ತದೆ, ಅದನ್ನು ಲೋಟಕ್ಕೆ ತರಬೇಡಿ. ಕೊನೆಗೆ ಸೋಡಾ, ಲೋಟದ ಒಳಬದಿಗೆ ತಗುಲಿಸಿ ನಿಧಾನವಾಗಿ. ಚಮಚವನ್ನು ತಳದಿಂದ ಒಮ್ಮೆ ಮೇಲಕ್ಕೆತ್ತಿದರೆ ಸಾಕು, ಕಲಕುತ್ತಾ ಹೋದರೆ ಗುಳ್ಳೆ ಉಳಿಯುವುದಿಲ್ಲ. ಸೋಡಾ ಕೋಣೆಯ ಬಿಸಿಯಲ್ಲಿದ್ದರೆ ಸುರಿಯುವಾಗಲೇ ಉಕ್ಕಿ ಸಪ್ಪೆಯಾಗುತ್ತದೆ. ಪುದೀನದ ಕುಡಿಯನ್ನು ಅಂಗೈ ಮೇಲಿಟ್ಟು ಒಮ್ಮೆ ತಟ್ಟಿ ಮೇಲೆ ಸಿಕ್ಕಿಸಿ. ಮೊದಲ ಗುಟುಕಿಗೆ ಮುಂಚೆಯೇ ಘಮ ಬರಬೇಕು.

ರುಚಿ ನೋಡುವುದು ಸೋಡಾಕ್ಕೆ ಮೊದಲು. ಆಗ ಸಿಹಿ, ಹುಳಿ ಎರಡೂ ಒಂದು ಕೈ ಮುಂದಿರಬೇಕು, ತಂಪು ಸಿಹಿಯನ್ನು ಕುಗ್ಗಿಸುತ್ತದೆ, ಸೋಡಾ ಎಲ್ಲವನ್ನೂ ತೆಳು ಮಾಡುತ್ತದೆ. ಒಗರು ಜಾಸ್ತಿ ಅನ್ನಿಸಿದರೆ ಮೊದಲು ಇನ್ನೊಂದು ಹರಳು ಉಪ್ಪು, ಆಮೇಲೆ 5 ಮಿಲಿ ಪಾಕ. ನಿಂಬೆ ಹೆಚ್ಚಿಸಬೇಡಿ, ಹುಳಿ ಒಗರನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಸಪ್ಪೆ ಅನ್ನಿಸಿದರೆ ಈ ಲೋಟಕ್ಕೆ ಪರಿಹಾರವಿಲ್ಲ, ಮುಂದಿನ ಸಲ 7 ಗ್ರಾಂ ಎಲೆ ಹಾಕಿ.

ಈ ಅಳತೆಯಲ್ಲಿ ಒಂದು ಲೋಟಕ್ಕೆ ಬೀಳುವುದು ಸುಮಾರು 15 ಗ್ರಾಂ ಸಕ್ಕರೆ. ಕೋಲಾಗಳಲ್ಲಿ ಪ್ರತಿ 100 ಮಿಲಿಗೇ 10 ಗ್ರಾಂಗೂ ಹೆಚ್ಚಿರುತ್ತದೆ. ಇನ್ನೂ ಇಳಿಸಬೇಕೆಂದರೆ ಪಾಕ 15 ಮಿಲಿ, ನಿಂಬೆ 12 ಮಿಲಿ ಮಾಡಿ, ಟೀಯನ್ನು ಒಂದೂವರೆ ನಿಮಿಷಕ್ಕೇ ಸೋಸಿ. ಸಕ್ಕರೆಯನ್ನಷ್ಟೇ ಇಳಿಸಿ ಉಳಿದುದನ್ನು ಹಾಗೇ ಬಿಟ್ಟರೆ ಒಗರು ಒಂಟಿಯಾಗಿ ಎದ್ದು ನಿಲ್ಲುತ್ತದೆ.

ನಮ್ಮ ಕಡೆಯ ರುಚಿಗಳು

ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಹಿತ್ತಿಲಲ್ಲಿದ್ದರೆ ಪುದೀನ ಬಿಟ್ಟು ಅದನ್ನು ಹಿಡಿಯಿರಿ. ಹತ್ತು ಹನ್ನೆರಡು ಗರಿ ಕತ್ತರಿಸಿ ಮೇಲೆ ಹೇಳಿದ ಪಾಕದಲ್ಲಿ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು, ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಸೋಸಿ. ಗ್ರೀನ್ ಟೀಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ, ಪುದೀನಕ್ಕಿಂತ ಒಂದು ತೂಕ ಮೇಲೇ.

ದಕ್ಷಿಣ ಕನ್ನಡದ ಪುನರ್ಪುಳಿ, ಶಿರಸಿ ಕಡೆಯವರ ಮುರುಗಲು, ಕೆಂಪಗೆ ಬಲು ಚೆಂದ. ಒಣಸಿಪ್ಪೆ ಏಳೆಂಟು ತುಂಡನ್ನು 100 ಮಿಲಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ. ನಿಂಬೆಯ ಬದಲು ಇದು 30 ಮಿಲಿ. ಇದಕ್ಕೆ ತನ್ನದೇ ಒಗರಿರುವುದರಿಂದ ಟೀಯನ್ನು 90 ಮಿಲಿಗೆ ಇಳಿಸಿ. ಉಪ್ಪು ಸವರಿ ಒಣಗಿಸಿದ ಸಿಪ್ಪೆಯಾದರೆ ಒಮ್ಮೆ ತೊಳೆಯಿರಿ, ಬೇರೆ ಉಪ್ಪು ಹಾಕಬೇಡಿ.

ಎಳನೀರು ಬೆರೆಸುವುದಾದರೆ ಸೋಡಾ ಬೇಡ. ಟೀ 100, ಎಳನೀರು 100, ಪಾಕ 10, ನಿಂಬೆ 10 ಮಿಲಿ. ಅನಾನಸ್ ರಸ 40 ಮಿಲಿ ಸೇರಿಸಿ ಅಲ್ಲಾಡಿಸಿದರೆ ನೊರೆ ದಟ್ಟವಾಗಿ ಏಳುತ್ತದೆ, ಪಾಕ ಅರ್ಧ ಸಾಕು. ಮಾವಿನ ತಿರುಳು ದಪ್ಪ, ಟೀ ಅದರಡಿ ಮುಳುಗುತ್ತದೆ. ಕಲ್ಲಂಗಡಿಯಲ್ಲಿ ಹುಳಿಯೂ ಇಲ್ಲ, ಬರಿ ನೀರು. ದಾಳಿಂಬೆ ಒಗರಿನ ಮೇಲೆ ಒಗರು. ಈ ಮೂರನ್ನೂ ಬಿಡಿ.

ಹತ್ತು ಜನರಿಗೆ

ನೀರು 1.35 ಲೀಟರ್, ಎಲೆ 27 ಗ್ರಾಂ. ಸೋಸಿದಾಗ 1.25 ಲೀಟರ್ ಟೀ ಬರುತ್ತದೆ. ದೊಡ್ಡ ಪಾತ್ರೆಯಲ್ಲಿ ಬಿಸಿ ಬಹಳ ಹೊತ್ತು ನಿಲ್ಲುವುದರಿಂದ ಎರಡು ನಿಮಿಷ ಆದೊಡನೆ ಬೇರೆ ಪಾತ್ರೆಗೆ ಸೋಸಲೇಬೇಕು, ಎಲೆ ಅಲ್ಲೇ ಉಳಿದರೆ ಹತ್ತು ಲೋಟವೂ ಕಹಿ. ಹಿಂದಿನ ಸಂಜೆಯೇ ಟೀಗೆ 250 ಮಿಲಿ ಪಾಕ ಬೆರೆಸಿ ಫ್ರಿಜ್ಜಿನಲ್ಲಿಡಬಹುದು, ಹೊರಗೆ ರಾತ್ರಿಯಿಡೀ ಬಿಡಬಾರದು. 200 ಮಿಲಿ ನಿಂಬೆರಸ ಮತ್ತು ಐದು ಟೀ ಚಮಚ ಶುಂಠಿರಸವನ್ನು ಬಡಿಸುವುದಕ್ಕೆ ಒಂದು ಗಂಟೆ ಮುಂಚೆ ಸೇರಿಸಿ, ಅಷ್ಟೇ ಹೊತ್ತಿಗೆ ಉಪ್ಪು. ಪುದೀನ, ಐಸ್, ಸೋಡಾ ಮಾತ್ರ ಲೋಟದಲ್ಲೇ. ಜಗ್ಗಿನಲ್ಲಿ ಪುದೀನ ಮುಳುಗಿಸಿಟ್ಟರೆ ಹುಳಿಗೆ ಎಲೆ ಕಪ್ಪಾಗುತ್ತದೆ, ಸೋಡಾ ಬೆರೆಸಿಟ್ಟರೆ ಕೊನೆಯ ಲೋಟದವರಿಗೆ ಸಪ್ಪೆ ನೀರು. ಅಲ್ಲಾಡಿಸದೆ ಜಗ್ಗಿನಿಂದ ನೇರ ಸುರಿಯುವಾಗ ಐಸ್ ಕರಗಿ ಸೇರುವ ನೀರು ಕಡಿಮೆ, ಆದ್ದರಿಂದ ಸೋಡಾವನ್ನು ಲೋಟಕ್ಕೆ 80 ಮಿಲಿಗೆ ಏರಿಸಿ.

ಇದರಲ್ಲಿ ಕೆಫೀನ್ ಇದೆ ಎಂಬುದನ್ನು ಅತಿಥಿಗಳಿಗೆ ಮೊದಲೇ ಹೇಳಿ. ಮದ್ಯವಿಲ್ಲ ಎಂದಾಕ್ಷಣ ಮಕ್ಕಳ ಕೈಗೂ ಎರಡು ಮೂರು ಲೋಟ ಹೋಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಮಕ್ಕಳಿಗೆ ಟೀ ಬಿಟ್ಟು ಮಜ್ಜಿಗೆ ಹುಲ್ಲಿನ ಪಾಕ, ನಿಂಬೆ, ಸೋಡಾದಲ್ಲೇ ಮಾಡಿಕೊಡಿ.